ಕುರ್ಡಿಗೊಂದು ದಿನ: ಮುಳುಗಡೆಯಾದ ಹಳ್ಳಿಯೊಂದರ ಪ್ರಕರಣ

ದಕ್ಷಿಣ ಗೋವೆಯ ಕುಡಚಡೆ ಮಾರ್ಕೆಟ್ಟಿನಲ್ಲಿ ನನ್ನದೊಂದು ಕಾಯಿಪಲ್ಲೆ ಅಂಗಡಿ. ಬೆಳಗಾವಿಯಿಂದ ನಸುಕಿಗೆ ಬರುವ ಗಾಡಿಯಿಂದ ಚೀಲ ಇಳಿಸಿಕೊಂಡು, ಏಳು ಗಂಟೆಯೊಳಗೆ ಎಲ್ಲ ಹರವಿ ಕೂತರೆ ಸಾಂಗೇ, ರಿವಣ, ವಾಲ್ಕಿಣಿ ಕಡೆಯ ಮಂದಿ ಕದಂಬ ಬಸ್ಸಿಳಿದು ಬರಲು ಸುರುವಾಗುತ್ತಾರೆ. ವಾಲ್ಕಿಣಿಯಿಂದ ವಾರಕ್ಕೊಮ್ಮೆ ಬರುವ ಒಬ್ಬ ಮಾವಶಿ ಇದ್ದಾರೆ. ಮೆಂತ್ಯೆ ಸೂಡು ಆರಿಸುವಾಗ ಪ್ರತಿಯೊಂದನ್ನೂ ಮೂಗಿಗೆ ಹಿಡಿದು ನೋಡುತ್ತಾರೆ. ಒಂದು ದಿನ ಹಾಗೆ ನೋಡುತ್ತಲೇ ಕೇಳಿದರು: "ತುಜೋ ಗಾಂವ ಖಂಯಚೋ, ಪುತಾ?" ಬಾಗಲಕೋಟೆ ಅಂದೆ. ಬಾಗಲಕೋಟೆ ದೊಡ್ಡದು, ಅದರೊಳಗೆ ಯಾವ ಊರು ಅಂದರು. ಊರು ಈಗಿಲ್ಲ ಮಾವಶಿ, ಧರಣದ ನೀರಿನೊಳಗೆ ಹೋಯಿತು ಅಂದೆ.

ಅವರು ಕೈಯಲ್ಲಿದ್ದ ಸೂಡನ್ನು ಕೆಳಗಿಟ್ಟರು. "ಆಮ್ಚೋಯ್," ಅಂದರು. ನಮ್ಮದೂ.

ಅವರ ಊರು ಕುರ್ಡಿ. ಅಲ್ಲಿಂದ ಎದ್ದು ಬಂದು ನಾಲ್ಕು ದಶಕಗಳ ಹತ್ತಿರವಾಗಿದೆ. ಆದರೂ ಅವರು ಮಾತಾಡಿದ್ದು "ನಮ್ಮ ಊರಲ್ಲಿ ಹೀಗೆ, ನಮ್ಮ ಊರಲ್ಲಿ ಹಾಗೆ" ಅಂತಲೇ. ಬರುವ ಭಾನುವಾರ ಊರಿಗೆ ಹೋಗಬೇಕು, ಸೋಮೇಶ್ವರನ ಪೂಜೆ ಇದೆ, ಅದಕ್ಕೇ ಇವತ್ತು ಜಾಸ್ತಿ ಕಾಯಿಪಲ್ಲೆ ಬೇಕು ಅಂದರು. ನೀರಿನೊಳಗಿನ ಊರಿಗೆ ಹೋಗುವುದು ಹೇಗೆ ಅಂತ ನಾನು ಕೇಳಿದ್ದಕ್ಕೆ, ಮೇ ತಿಂಗಳಲ್ಲಿ ಅದು ಮೇಲೆ ಬರುತ್ತದೆ, ನೀನೂ ಬಾ ಅಂದರು.

ಹೋದೆ. ಆಮೇಲೆ ಎರಡು ವರ್ಷ ಬಿಡದೆ ಹೋದೆ. ಈ ಬರಹ ಆ ಮೂರು ಮೇ ತಿಂಗಳುಗಳಿಂದ ಹುಟ್ಟಿದ್ದು. ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಎರಡು ಹಳ್ಳಿಗಳು, ಎರಡೂ ಅಣೆಕಟ್ಟಿಗೆ ಹೋದವು. ಒಂದು ಇನ್ನೂ ತನ್ನನ್ನು ಊರು ಎಂದು ಕರೆದುಕೊಳ್ಳುತ್ತದೆ. ಇನ್ನೊಂದು, ಅಂದರೆ ನಮ್ಮದು, ಮದುವೆ ಪತ್ರಿಕೆಯಲ್ಲಿ ಹೆಸರಿನ ಹಿಂದೆ ಬರುವ ಒಂದು ಶಬ್ದವಾಗಿ ಉಳಿದಿದೆ. ಈ ವ್ಯತ್ಯಾಸ ಎಲ್ಲಿಂದ ಬಂತು?

ನೆಲ ಮತ್ತು ಅದರ ಹಳಮೆ

ಕುರ್ಡಿ ಇದ್ದದ್ದು ಸಾಂಗೇ ತಾಲೂಕಿನಲ್ಲಿ, ಸಹ್ಯಾದ್ರಿಯ ಬುಡದ ಎರಡು ಗುಡ್ಡಗಳ ನಡುವೆ. ಜುವಾರಿಗೆ ಕೂಡುವ ಸಾಳಾವಲಿ ಹೊಳೆ ಊರ ನಡುವೆಯೇ ಹರಿಯುತ್ತಿತ್ತು. ಗೋವಾ ಎಂದರೆ ಕಡಲು ಎಂದುಕೊಂಡವರಿಗೆ ಈ ಒಳನಾಡು ಬೇರೆಯೇ ದೇಶ. ಕೆಂಪು ಚಿರೇಕಲ್ಲಿನ ನೆಲ, ಗುಡ್ಡದ ಮೇಲೆ ಗೇರು, ಇಳಿಜಾರಿನಲ್ಲಿ ಮಾವು ಹಲಸು, ತಗ್ಗಿನಲ್ಲಿ ಭತ್ತದ ಗದ್ದೆ, ಗದ್ದೆಯ ಬದುವಿಗೆ ತೆಂಗು. ಶಿರಸಿ, ಯಲ್ಲಾಪುರದವರು ಇಲ್ಲಿಗೆ ಬಂದರೆ ಪರಊರು ಅನ್ನಿಸುವುದಿಲ್ಲ. ಅಡಿಕೆ ತೆಂಗಿನ ತೋಟಕ್ಕೆ ಇವರು ಕುಳಾಗರ ಅನ್ನುತ್ತಾರೆ, ಅಷ್ಟೇ ಬೇರೆ.

ಜನ ಇಲ್ಲಿ ನೆಲೆ ನಿಂತದ್ದು ಬಹಳ ಹಿಂದೆ. ಕುರ್ಡಿಯ ಹೊಳೆದಂಡೆಯಲ್ಲಿ ಸುಮಾರು 2.5 ಮೀಟರ್ ಉದ್ದದ ಒಂದು ತಾಯಿ ಮೂರ್ತಿ ಇತ್ತು. ಒಂದೇ ಚಿರೇಕಲ್ಲಿನಲ್ಲಿ ಕೊರೆದದ್ದು, ಅಂಗಾತ ಮಲಗಿದ ಹೆಣ್ಣಿನ ಆಕಾರ. ನೀರು ಬರುವ ಮುನ್ನ ಅದನ್ನು ಎತ್ತಿ ವೆರ್ಣಾಕ್ಕೆ ಸಾಗಿಸಿದರು. ಅದೇ ಸೀಮೆಯ ಕುಶಾವತಿ ಹೊಳೆದಂಡೆಯ ಉಸ್ಗಳಿಮಳದಲ್ಲಿ ಚಿರೇಕಲ್ಲಿನ ಹಾಸಿನ ಮೇಲೆ ಗೂಳಿ, ಜಿಂಕೆ, ಸುರುಳಿ ಗೆರೆಗಳ ಕೆತ್ತನೆಗಳಿವೆ. ಅವು ಹೊರಗಿನ ಲೋಕದ ಗಮನಕ್ಕೆ ಬಂದದ್ದು 1993ರಲ್ಲಿ. ಊರಿನ ದನಗಾಹಿಗಳಿಗೆ ಅದಕ್ಕೂ ಮೊದಲೇ ಗೊತ್ತಿತ್ತು.

ಆಮೇಲೆ ಬರುವವರು ನಮ್ಮವರು, ಕದಂಬರು. ಇವತ್ತು ಗೋವೆಯ ಸರ್ಕಾರಿ ಬಸ್ಸಿನ ಮೇಲೆ ಇರುವ ಹೆಸರು ಅವರದೇ. ಗೋವೆಯ ಕದಂಬರು ಮೊದಲು ಆಳಿದ್ದು ಚಂದ್ರಾಪುರದಿಂದ, ಅಂದರೆ ಈಗಿನ ಚಾಂದೋರಿನಿಂದ. ಅದು ಕುಶಾವತಿಯ ದಂಡೆಯ ಊರು, ನನ್ನ ಅಂಗಡಿಯಿಂದ ದೂರವಲ್ಲ. 11ನೇ ಶತಮಾನದಲ್ಲಿ ರಾಜಧಾನಿ ಕಡಲ ಹತ್ತಿರದ ಗೋಪಕಪಟ್ಟಣಕ್ಕೆ ಹೋಯಿತು. ಬನವಾಸಿಯ ಹೆಸರು, ಹಾನಗಲ್ಲಿನ ದಾಯಾದಿಗಳು, ಕನ್ನಡದ ಶಾಸನಗಳು, ಇವೆಲ್ಲ ಘಟ್ಟ ಇಳಿದು ಇಲ್ಲಿಯವರೆಗೆ ಬಂದವು. ಕುರ್ಡಿಯಲ್ಲಿದ್ದ ಮಹಾದೇವ ಗುಡಿಯನ್ನೂ ಕದಂಬರ ಕಾಲದ್ದೆಂದೇ ಹೇಳುತ್ತಾರೆ.

ಕನ್ನಡಿಗರು ಸಾಮಾನ್ಯವಾಗಿ ಮರೆತಿರುವ ಇನ್ನೊಂದು ಎಳೆ ಸೋದೆಯದು. ವಾದಿರಾಜರ ಮಠದಿಂದ ನಾವು ಬಲ್ಲ ಸೋದೆಯ ಅರಸರ ಆಳ್ವಿಕೆ ಗೋವೆಯ ದಕ್ಷಿಣದ ಒಳನಾಡಿನ ಬಹುಭಾಗದ ಮೇಲಿತ್ತು. 1763ರಲ್ಲಿ ಹೈದರಾಲಿ ಸೋದೆಯ ಮೇಲೆ ಬಂದಾಗ ಅರಸ ಗೋವೆಗೆ ಓಡಿ ಬಂದು ಪೋರ್ಚುಗೀಸರ ಆಸರೆ ಪಡೆದ. ಈ ಸೀಮೆಗಳು ಅವರ ಕೈ ಸೇರಿದವು. ಇದನ್ನವರು "ಹೊಸ ಗೆಲುವುಗಳು" ಅಂದರು. ಅವರು ಮೊದಲೇ ಹಿಡಿದಿದ್ದ ಸಾಷ್ಟಿ, ಬಾರ್ದೇಸ ಸೀಮೆಗಳಲ್ಲಿ 16ನೇ ಶತಮಾನದಲ್ಲಿ ಗುಡಿಗಳು ಬಿದ್ದವು, ದೇವರುಗಳು ರಾತ್ರೋರಾತ್ರಿ ಹೊಳೆ ದಾಟಿದವು. ಹೊಸ ಗೆಲುವಿನ ನಾಡಿನಲ್ಲಿ ಮಾತ್ರ ಜನರ ಧರ್ಮ, ರೂಢಿಗಳಿಗೆ ಕೈ ಹಚ್ಚುವುದಿಲ್ಲ ಎಂಬ ಮಾತು ಕೊಟ್ಟಿದ್ದರು. ಕುರ್ಡಿಯಂಥ ಊರಿನಲ್ಲಿ ಹಳೆಯ ಗುಡಿ ಇದ್ದಲ್ಲೇ ಉಳಿದು, ಅದರ ಪಕ್ಕದಲ್ಲಿ ಶಿಲುಬೆಯ ಚಾಪೆಲ್ಲೂ ದರ್ಗಾವೂ ಸೇರಿಕೊಂಡದ್ದಕ್ಕೆ ಹಿನ್ನೆಲೆ ಇದು. ಇಲ್ಲಿ ಒಂದು ಇನ್ನೊಂದನ್ನು ಕೆಡವಿ ಎದ್ದದ್ದಲ್ಲ. ಊರಿನ ಗುಣ ಹಾಗೆ ಬಂತು ಅಂತ ನಾನು ತಿಳಿದಿದ್ದೇನೆ.

ಊರಿನ ನಡೆ

ಗೋವೆಯ ಹಳ್ಳಿಯನ್ನು ಅರ್ಥ ಮಾಡಿಕೊಳ್ಳಲು ಗಾಂವಕಾರಿ ಎಂಬ ಶಬ್ದ ಬೇಕು. ಊರು ಕಟ್ಟಿದ ಮನೆತನಗಳವರು ಗಾಂವಕಾರರು. ಹಳೆಯ ಗಾಂವಕಾರಿ ಪದ್ಧತಿಯಲ್ಲಿ ಭೂಮಿ ಒಬ್ಬೊಬ್ಬರದಲ್ಲ, ಊರಿನದು. ಗದ್ದೆಗಳನ್ನು ಸವಾಲು ಕೂಗಿ ಲಾವಣಿಗೆ, ಅಂದರೆ ಗೇಣಿಗೆ, ಕೊಡುತ್ತಿದ್ದರು. ಬಂದ ಹಣದಲ್ಲಿ ಮೊದಲು ಒಡ್ಡು, ಕಾಲುವೆ, ಗುಡಿಯ ಖರ್ಚು. ಉಳಿದದ್ದು ಗಾಂವಕಾರರಿಗೆ ಪಾಲು. ಪೋರ್ಚುಗೀಸರು 1526ರಷ್ಟು ಹಿಂದೆಯೇ ಈ ರೂಢಿಗಳನ್ನು ಬರೆಸಿ ದಾಖಲೆ ಮಾಡಿಕೊಂಡು, ಆಮೇಲೆ ಅದಕ್ಕೆ ಕೊಮುನಿದಾದ್ ಎಂಬ ತಮ್ಮ ಹೆಸರು ಹಚ್ಚಿದರು. ಇದರಲ್ಲಿ ಸಮಾನತೆ ಇತ್ತೆಂದು ನಾನು ಹೇಳುವುದಿಲ್ಲ. ಗಾಂವಕಾರನಲ್ಲದವನಿಗೆ, ಭಾಟಕಾರನ, ಅಂದರೆ ಜಮೀನ್ದಾರನ, ತೋಟದೊಳಗೆ ಗುಡಿಸಲು ಹಾಕಿಕೊಂಡ ಮುಂಡಕಾರನಿಗೆ ಸಿಕ್ಕದ್ದು ಬಹಳ ಕಡಿಮೆ. ಆದರೆ ಒಡ್ಡು ಒಡೆದರೆ ಎಲ್ಲರೂ ಇಳಿಯಬೇಕು, ಗದ್ದೆಗೆ ನೀರು ಬಿಡುವ ದಿನವನ್ನು ಊರೇ ನಿಶ್ಚಯಿಸಬೇಕು ಎಂಬ ಅಭ್ಯಾಸವನ್ನು ಅದು ಕಲಿಸಿತ್ತು.

ಮಳೆಗಾಲದ ಬೆಳೆ ಒಂದು. ಮಳೆ ನಿಂತ ಮೇಲೆ ಹೊಳೆಯ, ಝರಿಯ ನೀರು ತಿರುಗಿಸಿ ತೆಗೆಯುವ ವಾಯಂಗಣ ಭತ್ತ ಇನ್ನೊಂದು. ಎರಡನೆಯದು ಒಬ್ಬನ ಕೈಯಿಂದ ಆಗುವ ಬೆಳೆಯಲ್ಲ. ಮೇಲಿನ ಗದ್ದೆಯವ ನೀರು ಹಿಡಿದಿಟ್ಟರೆ ಕೆಳಗಿನವನದು ಒಣಗುತ್ತದೆ. ಕುರ್ಡಿಯ ಹಿರಿಯರ ಜೊತೆ ಮಾತಿಗೆ ಕೂತರೆ ಅವರು ಮೊದಲು ಹೇಳುವುದು ಗುಡಿಯ ಬಗ್ಗೆ ಅಲ್ಲ, ನೀರಿನ ಬಗ್ಗೆ. ಯಾವ ಬಾವಿಯದು ಸಿಹಿ, ಯಾವ ಝರಿ ಏಪ್ರಿಲ್‌ನಲ್ಲೂ ನಿಲ್ಲುತ್ತಿರಲಿಲ್ಲ, ಎಲ್ಲಿ ಬಟ್ಟೆ ಒಗೆಯುತ್ತಿದ್ದರು, ಎಲ್ಲಿ ಎಮ್ಮೆ ತೊಳೆಯುತ್ತಿದ್ದರು. ಒಬ್ಬ ಅಜ್ಜ ಬಟಾಬಯಲಿನಲ್ಲಿ ನಿಂತು ಕೋಲಿನಿಂದ ಗೆರೆ ಎಳೆದು ಕಾಲುವೆಯ ದಾರಿಯನ್ನು ನನಗೆ ತೋರಿಸಿದ. ಕೆಸರು ಒಣಗಿ ಬಿರುಕು ಬಿಟ್ಟ ನೆಲ ಅದು. ಅವನ ಕೋಲು ಒಂದು ಸಲವೂ ತಡವರಿಸಲಿಲ್ಲ.

ಕುರ್ಡಿಯ ಹೆಸರನ್ನು ದೇಶಕ್ಕೆಲ್ಲ ಒಯ್ದವರು ಹಿಂದುಸ್ತಾನಿ ಸಂಗೀತದ ಹಾಡುಗಾರ್ತಿ ಮೋಗುಬಾಯಿ ಕುರ್ಡೀಕರ್. ಹುಟ್ಟಿದ್ದು 1904ರಲ್ಲಿ, ಇದೇ ಊರಲ್ಲಿ. ಎಳೆಯ ವಯಸ್ಸಿನಲ್ಲೇ ನಾಟಕ ಮಂಡಳಿ ಸೇರಿದರು. ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನ್ ಸಾಹೇಬರ ಶಿಷ್ಯೆಯಾಗಿ ಮುಂಬೈಯಲ್ಲಿ ನೆಲೆನಿಂತರು. 1974ರಲ್ಲಿ ಪದ್ಮಭೂಷಣ ಬಂತು. ಕಿಶೋರಿ ಅಮೋಣಕರ್ ಅವರ ಮಗಳು, ಅವರ ಶಿಷ್ಯೆ. ಧಾರವಾಡದ ಕಡೆಯವರಿಗೆ ಈ ಹಾದಿ ಪರಿಚಯದ್ದೇ. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅದೇ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರ ಬಳಿ. ಘಟ್ಟದ ಕೆಳಗಿನ ಕುರ್ಡಿ, ಘಟ್ಟದ ಮೇಲಿನ ಮನ್ಸೂರು, ಎರಡೂ ಸಣ್ಣ ಹಳ್ಳಿಗಳೇ. ಎರಡೂ ಒಂದೇ ಗಾಯನ ಶೈಲಿಗೆ ಕೊರಳು ಕೊಟ್ಟವು. ಎರಡೂ ಹಾಡುವವರ ಹೆಸರಿಗೆ ಅಂಟಿಕೊಂಡೇ ಲೋಕ ಸುತ್ತಿದವು.

ಊರಿನ ಹೆಸರಿಗೆ "ಕರ್" ಹಚ್ಚಿ ಅಡ್ಡಹೆಸರು ಮಾಡಿಕೊಳ್ಳುವುದು ಇಲ್ಲಿಯ ಪದ್ಧತಿ. ಮಂಗೇಶಿಯಿಂದ ಮಂಗೇಶಕರ್, ಕೇರಿಯಿಂದ ಕೇರಕರ್. ಇದನ್ನು ನಾನು ಮೊದಲು ಸುಮ್ಮನೆ ಒಂದು ರೂಢಿ ಎಂದುಕೊಂಡಿದ್ದೆ. ಕುರ್ಡಿಯನ್ನು ಕಂಡ ಮೇಲೆ ಹಾಗನ್ನಿಸುವುದಿಲ್ಲ. ಊರು ನೀರಿನೊಳಗೆ ಹೋದರೂ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾಸ್ತರು ದಿನಾಲೂ ಅದರ ಹೆಸರನ್ನು ಕೂಗುತ್ತಾರೆ. ಮಗು "ಹಾಜರ್" ಅನ್ನುತ್ತದೆ.

ಎದ್ದು ಹೋದದ್ದು

ಗೋವಾ 1961ರಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರರೇ ಊರಿಗೆ ಬಂದು ಅಣೆಕಟ್ಟಿನ ಸುದ್ದಿ ಹೇಳಿದರು, ಇದರಿಂದ ಇಡೀ ದಕ್ಷಿಣ ಗೋವೆಗೆ ನೀರು ಸಿಗುತ್ತದೆ ಅಂದರು ಎಂದು ಹಿರಿಯರು ನೆನೆಯುತ್ತಾರೆ. ಸಾಳಾವಲಿಯದು ಸುಮಾರು 42 ಮೀಟರ್ ಎತ್ತರ, 1 ಕಿ.ಮೀ. ಉದ್ದದ ಮಣ್ಣು-ಕಾಂಕ್ರೀಟಿನ ಅಣೆಕಟ್ಟು. ಅದರ ಕೋಡಿ ಬಾತುಕೋಳಿಯ ಕೊಕ್ಕಿನಂತೆ ಬಾಗಿದ್ದು, ಮಳೆಗಾಲದಲ್ಲಿ ನೀರು ದುಂಡಗೆ ಸುತ್ತುವರಿದು ಒಳಕ್ಕೆ ಧುಮುಕುವುದನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಹಿನ್ನೀರು ಸುಮಾರು 24 ಚದರ ಕಿ.ಮೀ. ಹರಡಿದೆ. ಆ ಹರವಿನೊಳಗೆ ಹೋದ ಊರುಗಳಲ್ಲಿ ಕುರ್ಡಿ ಒಂದು. ಅಲ್ಲಿ ಸುಮಾರು 3,000 ಜನರಿದ್ದರು. 600ಕ್ಕೂ ಹೆಚ್ಚು ಕುಟುಂಬಗಳು ವಾಲ್ಕಿಣಿ ಮತ್ತು ವಾಡ್ಡೆಗೆ ಬಂದವು. ಮನೆಗೆ ಜಾಗ, ಒಂದಿಷ್ಟು ಜಮೀನು, ಪರಿಹಾರದ ಹಣ ಸಿಕ್ಕಿತು. 1986ರ ಹೊತ್ತಿಗೆ ನೀರು ಊರನ್ನು ಮುಚ್ಚಿತ್ತು.

ಹೊರಡುವಾಗಿನ ಕತೆ ಮಾವಶಿ ಹೇಳಿದ್ದು. ಹೆಂಚು ಇಳಿಸಿ, ತೊಲೆ ಬಿಚ್ಚಿ, ಬಾಗಿಲ ಚೌಕಟ್ಟು ಕಿತ್ತು ಗಾಡಿಗೆ ಹಾಕಿದರು. ಚಿರೇಕಲ್ಲಿನ ಗೋಡೆಗಳನ್ನು ಹಾಗೇ ಬಿಟ್ಟರು. ಅವರ ಅತ್ತೆ ಕೊನೆಯ ದಿನ ಅಂಗಳಕ್ಕೆ ಸಗಣಿ ಸಾರಿಸಿ, ತುಳಸಿಯ ಮುಂದೆ ದೀಪ ಹಚ್ಚಿಟ್ಟೇ ಗಾಡಿ ಹತ್ತಿದರಂತೆ. ನಾಳೆ ನೀರು ಬರುವ ಅಂಗಳವನ್ನು ಯಾಕೆ ಸಾರಿಸಬೇಕು ಅಂತ ಯಾರೂ ಅವರನ್ನು ಕೇಳಲಿಲ್ಲ.

ದೇವರುಗಳ ವಿಷಯದಲ್ಲಿ ಎರಡು ಬಗೆ ನಡೆಯಿತು. ಇಡೀ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು. ಹಳೆಯ ಶಿಲ್ಪವೆಂಬ ಕಾರಣಕ್ಕೆ ಮಹಾದೇವ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಸಾಗಿಸಿ, ಅಣೆಕಟ್ಟಿನ ಹತ್ತಿರ ಮೊದಲಿನಂತೆಯೇ ಮತ್ತೆ ಜೋಡಿಸಿದರು. ವರ್ಷಗಟ್ಟಲೆ ಹಿಡಿದ, ಶ್ರದ್ಧೆಯಿಂದ ಮಾಡಿದ ಕೆಲಸ. ಸೋಮೇಶ್ವರನ ಗುಡಿ ಮಾತ್ರ ಇದ್ದಲ್ಲೇ ಉಳಿಯಿತು. ನೀರು ಬಂದಾಗ ಅದರೊಳಗೆ ಹೋಯಿತು, ನೀರು ಇಳಿದಾಗ ಮೇಲೆ ಬಂತು.

ಇವತ್ತು ಮಹಾದೇವ ಗುಡಿಗೆ ಪ್ರವಾಸಿಗರು ಹೋಗುತ್ತಾರೆ. ಹುಲ್ಲುಹಾಸು, ಫಲಕ, ಮೌನ. ಚೆಂದವಿದೆ, ಉಳಿಯಬೇಕಾದದ್ದು ಉಳಿದಿದೆ. ಕುರ್ಡಿಯ ಜನ ಹೋಗುವುದು ಸೋಮೇಶ್ವರನಿಗೆ.

ಮೇ ತಿಂಗಳ ಭಾನುವಾರ

ಮೊದಲ ವರ್ಷ ನಾನು ಹೋದದ್ದು ನನ್ನ ಕಾಯಿಪಲ್ಲೆ ಗಾಡಿಯಲ್ಲೇ, ಹಿಂದೆ ಮಾವಶಿಯ ಕಡೆಯ ಏಳೆಂಟು ಜನರನ್ನು ಕೂರಿಸಿಕೊಂಡು. ಸಾಂಗೇ ದಾಟಿ ಕಾಡಿನ ರಸ್ತೆ. ಒಂದು ತಿರುವಿನಲ್ಲಿ ಮರಗಳು ಒಮ್ಮೆಲೇ ನಿಂತುಹೋಗುತ್ತವೆ. ಮುಂದೆ ಬೂದುಗೆಂಪು ಬಯಲು. ಅದರ ಮೇಲೆ ಹಳೆಯ ರಸ್ತೆಯೊಂದು, ಅಂಚಿನ ಕಲ್ಲು ಸಹಿತ, ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆ. ಗಾಡಿಯಲ್ಲಿ ಮಾತಾಡುತ್ತಿದ್ದವರೆಲ್ಲ ಅಲ್ಲಿ ಸುಮ್ಮನಾದರು.

ಮನೆಗಳ ಪಾಯಗಳು ಸಾಲಾಗಿ ಕಾಣುತ್ತವೆ. ತೆಂಗಿನ ಬೊಡ್ಡೆಗಳು ಕಪ್ಪಾಗಿ, ಒಂದೇ ಎತ್ತರಕ್ಕೆ ಕತ್ತರಿಸಿದಂತೆ ನಿಂತಿವೆ. ಒರಳು ಕಲ್ಲು, ಬಾವಿಯ ಕಟ್ಟೆ, ಸಣ್ಣ ಸೇತುವೆ. ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಾವಿಯಿಂದ ಎಣಿಸತೊಡಗಿದಳು: ಇದು ಗುರವನ ಮನೆ, ಇದು ಬಡಿಗನದು, ಇದು ಮುಂಬೈಗೆ ಹೋದವರದು, ಇದು ನಮ್ಮದು. ಆಮೇಲೆ ಚಪ್ಪಲಿ ಬಿಟ್ಟಳು. ಗೋಡೆ ಇಲ್ಲ, ಬಾಗಿಲಿಲ್ಲ. ಆದರೂ ಬಾಗಿಲು ಇದ್ದ ಕಡೆಯಿಂದಲೇ ಒಳಗೆ ಹೋದಳು. ಪಾಯದ ಅಂಚು ದಾಟಿ ಅಡ್ಡ ನುಗ್ಗಿದ ಮೊಮ್ಮಗಳನ್ನು ಗದರಿ ಹೊರಗೆ ಕಳಿಸಿ, ಮತ್ತೆ ಬಾಗಿಲಿನಿಂದ ಬರ ಹೇಳಿದಳು.

ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ಅಭಿಷೇಕ, ಆರತಿ, ಆಮೇಲೆ ಊಟ. ಅನ್ನ, ತೊವ್ವೆ, ನಾಲ್ಕು ಬಗೆಯ ಪಲ್ಲೆ, ಪಾಯಸ. ನಾನು ತಂದ ಬದನೆಕಾಯಿ, ಹಲವು ಕಾಯಿಪಲ್ಲೆ ಕೂಡಿಸಿ ಮಾಡುವ ಖತಖತೆಯಲ್ಲಿ ಬಿದ್ದದ್ದನ್ನು ಕಂಡು ನನಗೆ ಹೇಳಲಾರದಷ್ಟು ಸಂತೋಷವಾಯಿತು. ಊಟಕ್ಕೆ ಕೂತವರು ಮಾತಾಡಿದ್ದು ಹೊಳೆ ಗದ್ದೆಗಳ ಬಗ್ಗೆಯಷ್ಟೇ ಅಲ್ಲ. ಯಾರ ಮಗಳಿಗೆ ಗಂಡು ನೋಡಬೇಕು, ಯಾರಿಗೆ ಆಪರೇಷನ್ ಆಗಿದೆ, ವಾಡ್ಡೆಯವರು ಈ ಸಲ ವಂತಿಗೆ ಎಷ್ಟು ಕೊಟ್ಟರು, ವಾಲ್ಕಿಣಿಯವರು ಎಷ್ಟು. ಅಂದರೆ ಊರ ಕಟ್ಟೆಯ ಮೇಲೆ ನಡೆಯುವ ಮಾತೇ. ಕ್ರೈಸ್ತರು ಅದೇ ತಿಂಗಳಲ್ಲಿ ತಮ್ಮ ಚಾಪೆಲ್ಲಿನ ಫೆಸ್ತ್, ಅಂದರೆ ಹಬ್ಬ, ಮಾಡುತ್ತಾರೆ. ಪೂಜೆಗೆ ಬಂದಿದ್ದ ಒಬ್ಬ ಕ್ರೈಸ್ತ ಹಿರಿಯರು ಪ್ರಸಾದದ ಎಲೆಯ ಮುಂದೆ ಕೂತು, ನಮ್ಮ ಫೆಸ್ತಿಗೂ ಬರಬೇಕು ಎಂದು ನನ್ನನ್ನೂ ಕರೆದರು.

ಇತ್ತೀಚಿನ ವರ್ಷಗಳಲ್ಲಿ ಫೋಟೋ ತೆಗೆಯಲು ಬರುವವರು ಹೆಚ್ಚಾಗಿದ್ದಾರೆ. ಮನೆಯ ಪಾಯದ ಮೇಲೆ ಬಾಟಲಿ ಬಿಟ್ಟು ಹೋಗುತ್ತಾರೆ. ಇದು ಬಯಲಲ್ಲ, ಯಾರದೋ ಮನೆ. ಹೋಗುವವರು ಬಾಗಿಲಿದ್ದ ಕಡೆಯಿಂದ ಹೋಗಲಿ, ಆ ಅಜ್ಜಿಯ ಮೊಮ್ಮಗಳಂತೆ.

ಜೊತೆಗೆ ಬಾರದ್ದು

ಕುರ್ಡಿಯವರು ಎಲ್ಲವನ್ನೂ ಉಳಿಸಿಕೊಂಡರು ಎಂದು ಬರೆದರೆ ತಪ್ಪಾಗುತ್ತದೆ. ಹೆಸರು ಬಂತು, ದೇವರು ಉಳಿದ, ದಿನ ಉಳಿಯಿತು. ನೀರು ಬರಲಿಲ್ಲ. ಸಾಳಾವಲಿಯಿಂದ ದಿನಕ್ಕೆ 400 ದಶಲಕ್ಷ ಲೀಟರ್ ನೀರು ಕೊಡುವ ಯೋಜನೆ ಅದು. ದಕ್ಷಿಣ ಗೋವೆಯ ಪಟ್ಟಣಗಳು ಇವತ್ತು ಅದರದೇ ನೀರು ಕುಡಿಯುತ್ತವೆ. ನನ್ನ ಅಂಗಡಿಯ ಸೊಪ್ಪಿಗೆ ಚಿಮುಕಿಸುವುದೂ ಅದೇ ನೀರು. ಆದರೆ ಅದಕ್ಕಾಗಿ ಊರು ಬಿಟ್ಟವರ ಹೊಸ ಬಾವಿಗಳು ಏಪ್ರಿಲ್-ಮೇನಲ್ಲಿ ತಳ ಕಾಣುತ್ತವೆ. ವಾಡ್ಡೆಯವರು ಟ್ಯಾಂಕರಿನ ದಾರಿ ಕಾಯುವುದನ್ನು ನಾನೇ ಕಂಡಿದ್ದೇನೆ. ಕೊಟ್ಟ ಮಾತಿನಂತೆ ಕಾಲುವೆಯ ನೀರು ತಮ್ಮ ಕಡೆ ಬರಲಿಲ್ಲ ಎಂದು ಅವರು ಹೇಳುವಾಗ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ದಣಿವಿದೆ. ಝರಿಯ ಹೆಸರುಗಳನ್ನು ಅಜ್ಜ ಅಷ್ಟು ಜತನದಿಂದ ಯಾಕೆ ಹೇಳುತ್ತಾನೆಂದು ನನಗೆ ಅಲ್ಲಿ ಹೊಳೆಯಿತು.

ವಾಯಂಗಣದ ಕೂಡುಬೇಸಾಯವೂ ಬರಲಿಲ್ಲ. ಹೊಸ ಜಮೀನು ಚೌಕ ಚೌಕ ತುಂಡುಗಳಲ್ಲಿ, ಅವರವರ ಹೆಸರಿನಲ್ಲಿ ಬಂತು. ಒಬ್ಬರ ಗದ್ದೆಯ ನೀರು ಇನ್ನೊಬ್ಬರ ಗದ್ದೆಗೆ ಹರಿಯುವ ಹಂಗಿಲ್ಲ. ಹಂಗು ಹೋದ ಮೇಲೆ ಕೂಡಿ ಒಡ್ಡು ಕಟ್ಟುವ ಕೆಲಸವೂ ಹೋಯಿತು. ಹುಡುಗರು ಗಣಿ ಲಾರಿಗೆ ಹೋದರು. 2012ರಲ್ಲಿ ಗಣಿಗಾರಿಕೆ ನಿಂತಾಗ ಲಾರಿಯೂ ನಿಂತಿತು. ಆಗ ಕುಡಚಡೆಯಲ್ಲಿದ್ದ ನಮ್ಮ ಕಡೆಯ ಎಷ್ಟೋ ಡ್ರೈವರುಗಳು ಗಂಟುಮೂಟೆ ಕಟ್ಟಿ ಊರಿಗೆ ಹೋದರು.

ನಮ್ಮದು

ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ನಾನು ಹುಟ್ಟುವ ಮೊದಲೇ ನಮ್ಮ ಊರು ಮುಳುಗಡೆಯ ಯಾದಿಯಲ್ಲಿತ್ತು. ಘಟಪ್ರಭೆಯ ದಂಡೆ, ಎರೆಭೂಮಿ, ಜೋಳ. ನಾವು ಎದ್ದದ್ದು 2000ರ ಸುಮಾರಿಗೆ. ನಡುವಿನ ಮೂವತ್ತೈದು ವರ್ಷ ಊರು ಹೇಗಿತ್ತೆಂದು ಹೇಳಬೇಕು, ಯಾಕೆಂದರೆ ಊರಿನ ಗುಣ ಕೆಟ್ಟದ್ದು ನೀರಿನಿಂದಲ್ಲ, ಈ ಕಾಯುವಿಕೆಯಿಂದ. "ಹೆಂಗೂ ಮುಳಗೂದೈತಿ" ಅಂತ ಯಾರೂ ಗೋಡೆಗೆ ಗಿಲಾವು ಮಾಡಿಸಲಿಲ್ಲ. ಸಾಲಿಯ ಮಾಳಿಗೆ ಸೋರಿದರೆ ದುರಸ್ತಿಗೆ ರೊಕ್ಕ ಬರಲಿಲ್ಲ. ಮುಳುಗಡಿ ಊರಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡಿದರು. ಹೆಚ್ಚು ಪರಿಹಾರದ ಆಸೆಗೆ ಅಣ್ಣತಮ್ಮಂದಿರು ಪಾಲಾದರು. ಉತಾರ, ಅಂದರೆ ಜಮೀನಿನ ದಾಖಲೆ, ಇದ್ದವರ ಹೆಸರು ಕಾಗದದಲ್ಲಿ ಏರಿತು. ಮೂರು ತಲೆಮಾರು ಲಾವಣಿ ಹಾಕಿಕೊಂಡು ದುಡಿದ ನನ್ನ ಅಪ್ಪನಂಥವರ ಹೆಸರು ಏರಲಿಲ್ಲ. ಇದಕ್ಕಾಗಿ ಅಪ್ಪ ಒಂದು ಕಚೇರಿಗೆ ನಾಲ್ಕು ವರ್ಷ ಅಡ್ಡಾಡಿದ.

ಊರು ಎರಡು ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋಯಿತು, ಉಳ್ಳವರು ಬಾಗಲಕೋಟೆಯ ಹೊಸ ಪಟ್ಟಣವಾದ ನವನಗರಕ್ಕೆ ಹೋದರು. ಹನುಮಪ್ಪನನ್ನು ಒಂದು ಕೇಂದ್ರದವರು ಒಯ್ದರು. ಇನ್ನೊಂದು ಕೇಂದ್ರದವರು ಹೊಸ ಮೂರ್ತಿ ತಂದರು. ಎರಡು ಕಡೆ ಎರಡು ಕಾರ್ತಿಕ ನಡೆಯುತ್ತವೆ, ಬೇರೆ ಬೇರೆ ಶನಿವಾರ. ಹಳೆಯ ಗುಡಿಯನ್ನು ಕೆಡವಿ ಕಲ್ಲನ್ನೂ ಹಂಚಿಕೊಂಡೆವು. ತಿರುಗಿ ಹೋಗಲು ಅಲ್ಲಿ ಏನನ್ನೂ ಬಿಡಲಿಲ್ಲ.

ನಮ್ಮ ನಾಡಿನಲ್ಲೇ ಬೇರೆ ದಾರಿಯೂ ಇತ್ತು. ಕೂಡಲಸಂಗಮದಲ್ಲಿ ನಾರಾಯಣಪುರದ ಹಿನ್ನೀರು ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಎತ್ತಿ ಒಯ್ಯಲಿಲ್ಲ. ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ, ಇದ್ದ ಜಾಗದಲ್ಲೇ ಉಳಿಸಿದರು. ಇವತ್ತು ಮೆಟ್ಟಿಲಿಳಿದು ಅಲ್ಲಿಗೇ ಹೋಗಿ ಕೈ ಮುಗಿಯಬಹುದು. ಸಣ್ಣ ಹಳ್ಳಿಯ ಹನುಮಪ್ಪನಿಗೆ ಯಾರೂ ಗೋಡೆ ಕಟ್ಟುವುದಿಲ್ಲ, ಅದು ನನಗೆ ತಿಳಿಯುತ್ತದೆ. ಸೋಮೇಶ್ವರನಿಗೂ ಯಾರೂ ಕಟ್ಟಲಿಲ್ಲ. ಕುರ್ಡಿಯವರು ಮಾಡಿದ್ದು ಇಷ್ಟೇ: ದೇವರನ್ನು ಎರಡು ಮಾಡಲಿಲ್ಲ, ದಿನವನ್ನು ಎರಡು ಮಾಡಲಿಲ್ಲ. ವಾಡ್ಡೆಯವರೂ ವಾಲ್ಕಿಣಿಯವರೂ ವರ್ಷಕ್ಕೊಮ್ಮೆ ಒಂದೇ ಪಂಕ್ತಿಯಲ್ಲಿ ಕೂರಲೇಬೇಕಾದ ಒಂದು ಜಾಗವನ್ನು ಉಳಿಸಿಕೊಂಡರು. ಅಲ್ಲಿ ಜಗಳವೂ ನಡೆಯುತ್ತದೆ. ವಂತಿಗೆಯ ಲೆಕ್ಕಕ್ಕೆ ದನಿ ಏರಿದ್ದನ್ನು ನಾನು ಕೇಳಿದ್ದೇನೆ. ನಮ್ಮ ಎರಡು ಕೇಂದ್ರಗಳ ನಡುವೆ ಜಗಳವಾಡುವಷ್ಟು ಸಂಬಂಧವೂ ಉಳಿದಿಲ್ಲ.

ಮೂರನೆಯ ವರ್ಷ ಕುರ್ಡಿಯಿಂದ ಬಂದ ರಾತ್ರಿ ನವನಗರದಲ್ಲಿರುವ ಕಾಕಾನಿಗೆ ಫೋನು ಹಚ್ಚಿದೆ. ಊರ ಮುಂದಿನ ಅಗಸಿ ಕಲ್ಲಿನದು. ಅದನ್ನು ಯಾರೂ ಕೀಳಲಾಗಲಿಲ್ಲವೆಂದು ನೆನಪಿತ್ತು.

"ಕಾಕಾ, ಅಗಸಿ ಕಾಣಾಕತ್ತೈತೇನ್ರಿ?"

"ಕಂಬ ಎರಡೂ ಕಾಣ್ತಾವ. ಕಟ್ಟಿ ಇನ್ನಾ ಕೆಸರಾಗ ಐತಿ. ಯಾಕೋ?"

"ಬಾದಾಮಿ ಅಮಾಸಿಗೆ ಕಾಲಿಡಾಕ ಬರತೈತೇನ್ರಿ?"

"ಎಂಟು ದಿನ ಹಿಂಗ ಬಿಸಲ ಬಿದ್ರ ಬರತೈತಿ."

ಎರಡೂ ಕೇಂದ್ರದವರನ್ನು ಕರೆಯೋಣ, ಕಾಯಿಪಲ್ಲೆ ನಾನು ತರುತ್ತೇನೆ ಅಂದೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಷ್ಟ ಮಂದಿಗೆ ಅಡಗಿ ಮಾಡಸೂದು?" ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ. "ತಡಿ," ಅಂದವನೇ ಅಗಸಿಯಿಂದ ಒಳಗೆ ಎಣಿಸತೊಡಗಿದ. ಬಲಕ್ಕ ಕುಂಬಾರರದು, ಅದರ ಬಾಜೂಕ ಮುಲ್ಲಾನವರದು, ಎಡಕ್ಕ ಗೌಡರ ಹಳೇ ವಾಡೆ. ನಾನು ಬಿಲ್ಲಿನ ಪುಸ್ತಕದ ಹಿಂದೆ ಬರೆದುಕೊಳ್ಳುತ್ತ ಹೋದೆ. ನಲವತ್ತೊಂದು ಮನೆ ಆದ ಮೇಲೆ ಕಂಬಾರ ಸಾಲಿನ ಆಚೆಯ ಮನೆಗೆ ಬಂದು ಇಬ್ಬರೂ ನಿಂತೆವು. ಅಲ್ಲಿ ಯಾರಿದ್ದರು? ಬಾಗಿಲಿಗೆ ಹಸಿರು ಬಣ್ಣ ಇತ್ತು, ಅಷ್ಟು ನನಗೆ ನೆನಪಾಯಿತು. ನಿಮ್ಮ ಕಾಕಿಗೆ ಗೊತ್ತಿರತೈತಿ, ಮುಂಜಾನೆ ಕೇಳಿ ಹೇಳತೇನಿ ಅಂತ ಕಾಕಾ ಫೋನಿಟ್ಟ.